ಗನ್‌ಮ್ಯಾನ್ ಪಾಲಾದ ಉಡಿ

ತನ್ವಿ ಬಾಯಿಯ ಅಜ್ಜ ಶಾಸಕ, ಅಪ್ಪ ಶಾಸಕ. ಅವರ ಮನೆಯ ಬೆಕ್ಕು ಕೂಡ ಮೊದಲು ಇಲಿಗೆ ಕೈಮುಗಿದು, ಯೋಗಕ್ಷೇಮ ಕೇಳಿ, ಆಮೇಲೇ ಹಿಡಿಯುತ್ತದೆಂದು ಗೋವೆಯ ನಮ್ಮ ಮಂಗೋರ್ ಹಿಲ್‌ನಲ್ಲಿ ಮಾತು. ಮಾತು ಹುಟ್ಟಿಸಿದವನು ನಾನೇ, ಆದರೂ ನಂಬುವವರಿಗೆ ಬರಗಾಲವಿಲ್ಲ. ಹೋದ ಚುನಾವಣೆಗೆ ಅಪ್ಪನ ಮೊಣಕಾಲು ಕೈಕೊಟ್ಟಿತು, ಟಿಕೆಟ್ ಮಗಳಿಗೆ ಬಂತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಹುಡುಗಿ ಗೆದ್ದೇಬಿಟ್ಟಳು, ಊರಿಗೆಲ್ಲ ‘ಬಾಯಿ’ ಆದಳು, ನಾವು ಅಕ್ಕ ಅನ್ನುವ ಹಾಗೆ.

ಅಪ್ಪ ಕಲಿಸಿದ ಮೊದಲ ಪಾಠ: ಜನ ಏನು ಕೊಟ್ಟರೂ ಎರಡೂ ಕೈಯಿಂದ ತಗೊ, ನಗು, ರೆಪ್ಪೆ ಬಡಿಯುವುದರೊಳಗೆ ಹಿಂದಿನವನಿಗೆ ದಾಟಿಸು. ಇಲ್ಲದಿದ್ದರೆ ಮುಂದಿನವರಿಗೆ ಮುಗಿಯಲು ಕೈ ಎಲ್ಲಿ ಉಳಿಯುತ್ತದೆ? ಹಿಂದಿನವನೆಂದರೆ ಗನ್‌ಮ್ಯಾನ್ ಪಾಂಡು. ಮೊದಲ ತಿಂಗಳು ಅವನ ಮೇಲೆ ಬಿದ್ದ ಹಾರಗಳನ್ನು ಗಂಟು ಹಾಕಿದ್ದರೆ ಗಡಿಯ ಮೊಲೆಂ ದಾಟಿ ಹುಬ್ಬಳ್ಳಿ ಮುಟ್ಟುತ್ತಿದ್ದವು. ಪಿಸ್ತೂಲು ಯಾವ ಶಾಲಿನಡಿ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಹೀಗಿರುವಾಗ ಬಾಯಿ, ದುಡಿಯಲು ಬಂದು ನೆಲೆಸಿದ ಕನ್ನಡದವರ ನಮ್ಮ ಓಣಿಗೆ ಬಂದಳು. ಹುಲಿಗೆಮ್ಮ ಸಮುದ್ರದಂಡೆಯಲ್ಲಿ ಮಣಿಸರ ಮಾರುವವಳು. “ಹೊಸಾ ಮದಿವಿ ಆದ ಮಗಳು ಮನಿಗೆ ಬಂದಾಳ, ಹಂಗ ಕಳಸಾಕ ಬರತೈತೇನು?” ಎಂದು ಮಣೆ ಹಾಕಿ ಕೂರಿಸಿದಳು. ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಅಕ್ಕಿ, ಕಾಯಿ, ಅರಿಶಿನಕೊಂಬು, ಮೇಲೊಂದು ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬಿದಳು. ಖಣ ತನ್ನ ಮಗಳಿಗೆಂದು ಊರಿನಿಂದ ತಂದಿಟ್ಟಿದ್ದು.

ತನ್ವಿ ಎದ್ದಳು, ನಕ್ಕಳು, ಸೆರಗಿನಲ್ಲಿದ್ದುದನ್ನೆಲ್ಲ ಹಿಂದಕ್ಕೆ ಸುರಿದಳು. ಪಾಂಡು ರೂಢಿಯಂತೆ ಅಂಗಿಯ ಚುಂಗು ಒಡ್ಡಿ ನಿಂತಿದ್ದ.

ಓಣಿಯ ಹೆಂಗಸರು ಉಸಿರು ಹಿಡಿದರು. ಆಮೇಲೆ ಸಾವಂತ್ರೆವ್ವ ಬಾಯಿಬಿಟ್ಟಳು: “ಏ, ಆರತಿ ತರ್ರೇ! ಪೊಲೀಸಪ್ಪಗ ಉಡಿ ತುಂಬೇತಿ!” ಎಲ್ಲರೂ ನಕ್ಕರು. ಹುಲಿಗೆಮ್ಮ ನಗಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಚಲೋ ಇತ್ತು. ಓಣಿಯ ತಿರುವಿನಲ್ಲಿ ಗಟಾರದ ಭೂಮಿಪೂಜೆ. ಕಂತ್ರಾಟುದಾರ ಕಾಯಿಯನ್ನೇ ಮರೆತಿದ್ದ. ಪಾಂಡು ಅಂಗಿಯೊಳಗಿಂದ ತೆಗೆದುಕೊಟ್ಟ. ಬಾಯಿ ಫಟ್ಟೆಂದು ಒಡೆದಳು. ಆ ಸಪ್ಪಳ ಪರ್ವರಿಯ ವಿಧಾನಸಭೆಗೂ ಕೇಳಿಸಿ ಸ್ಪೀಕರ್ ಬೆಚ್ಚಿರಬೇಕು. ತಲೆ ಎತ್ತಿದರೆ ಎದುರಿಗೇ ಹುಲಿಗೆಮ್ಮ. ಹುಡುಗಿಗೆ ತಾನೇನು ಒಡೆದೆನೆಂದು ಆಗ ಹೊಳೆಯಿತು. ಮುಖ ಕೋಕಂ ಸಾರಿನಂತೆ ಕೆಂಪಾಯಿತು.

ಅಂದಿನಿಂದ ನಮ್ಮ ಹೆಂಗಸರು ಅವಳ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ನಳ ಒಣಗಿದರೂ ಹತ್ತಲಿಲ್ಲ. ಅಪ್ಪ ಉಪಾಯ ಹೇಳಿಕೊಟ್ಟರಂತೆ, ಪಾಂಡುವೇ ನನಗೆ ಹೇಳಿದ್ದು: “ನಮ್ಮಲ್ಲಿ ಆ ಪದ್ಧತಿ ಇಲ್ಲ, ಗೊತ್ತಿರಲಿಲ್ಲ ಅಂದುಬಿಡು. ಪಾಪ ಗೋವೆಯ ಹುಡುಗಿ ಅಂತ ಅವರೇ ಬಿಟ್ಟುಬಿಡ್ತಾರೆ.”

ಒಂದು ಮುಂಜಾನೆ ಬಾಯಿ ಒಬ್ಬಳೇ ಗುಡ್ಡ ಹತ್ತಿ ಬಂದಳು. ನಾನು ಹುಲಿಗೆಮ್ಮನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಹುಲಿಗೆಮ್ಮ ಮಣಿ ಪೋಣಿಸುತ್ತ, ತಲೆ ಎತ್ತದೆ, ತಾನಾಗಿಯೇ ಕೇಳಿದಳು:

“ಯಾಕ ಯವ್ವಾ, ನಿಮ್ಮ ಕೊಂಕಣ್ಯಾರೊಳಗ ಉಡಿ ತುಂಬೂದು ಇಲ್ಲೇನು?”

ಸುಳ್ಳು ಬಾಗಿಲಿಗೇ ಬಂದು ನಿಂತಿತ್ತು. ನಾನಾಗಿದ್ದರೆ ಒಂದಕ್ಕೆ ಹತ್ತು ಹೇಳಿ, ಮೇಲೆ ಇನ್ನೊಂದು ಕಪ್ಪು ಚಹಾ ಕೇಳುತ್ತಿದ್ದೆ.

“ಆಸಾ,” ಎಂದಳು ತನ್ವಿ. ಇದೆ ಎಂದು. ಮುಂದೆಲ್ಲ ಕೊಂಕಣಿಯಲ್ಲೇ ಹೇಳಿದಳು. ಹುಲಿಗೆಮ್ಮನಿಗೆ ಅದು ದಂಡೆಯ ಮೇಲಿನ ದಿನದ ಭಾಷೆ. “ನಾವು ಓಟಿ ಅಂತೀವಿ. ಮದುವೇಲಿ ಅಮ್ಮ ತುಂಬಿದ್ದಳು. ಒಂದು ಅಕ್ಕಿಕಾಳು ಬೀಳದ ಹಾಗೆ ಗಂಡನ ಮನೆತನಕ ಹೊತ್ತಿದ್ದೆ.”

“ಗೊತ್ತಿದ್ದೂ ಮಾಡಿದೇನು?”

“ನಿಮ್ಮನ್ನ ನಾನು ನೋಡಲೇ ಇಲ್ಲ. ಮುಂದಿನ ಮನೆ ನೋಡ್ತಿದ್ದೆ.”

ಹುಲಿಗೆಮ್ಮನ ಸೂಜಿ ನಿಂತಿತು. “ಇಲ್ಲ ಅಂದಿದ್ರ ನನಗ ಸಮಾಧಾನ ಆಗ್ತಿತ್ತಲ್ಲ ಯವ್ವಾ. ಈಗ ನಾ ಏನ ಮಾಡ್ಲಿ?”

 ಬಾಯಿ ಬರಿ ನೆಲದ ಮೇಲೆ ಕೂತು ತಲೆ ತಗ್ಗಿಸಿದಳು. ಹುಲಿಗೆಮ್ಮ ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಕೆಳಗಿನ ರಸ್ತೆಯಲ್ಲಿ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು, ಅಧಿವೇಶನದ ಹೊತ್ತಾಗಿತ್ತು. ತನ್ವಿ ಏಳಲಿಲ್ಲ.