ಬೆಳ್ಳಿ ಒಳಲೆಯ ಮದ್ದು

ದೇವಕ್ಕ ಅತ್ತಿಗೆಯ ಎಲೆಅಡಿಕೆ ಚೀಲದಲ್ಲಿ ಯಾವಾಗಲೂ ಒಂದು ಬೆಳ್ಳಿ ಒಳಲೆ ಇರುತ್ತಿತ್ತು. ಕೂಸಿನ ಬಾಯಿಗೆ ಹಾಲು ಹನಿಸುವ, ಮೂತಿ ಚೂಪಾದ ಪುಟ್ಟ ಬಟ್ಟಲು. ಹೆತ್ತೂರಿನ ಸುತ್ತ ಅವರು ಬಾಣಂತನ ಮಾಡದ ಮನೆಗಳು ಕಡಿಮೆ. ಅದೇ ಒಳಲೆಯಲ್ಲಿ ಅವರು ಬ್ರಾಂದಿಯನ್ನೂ ಅಳೆಯುತ್ತಿದ್ದರು.

ಚೈತ್ರಾ, ಹಾನುಬಾಳಿನ ನಿನ್ನತ್ತೆ ಬಾಣಂತನದ ಸಾಮಾನಿನ ಜೊತೆ ಬ್ರಾಂದಿ ಬಾಟಲಿಯನ್ನೂ ತರಿಸಿಟ್ಟಿದ್ದಾರೆಂದು ಫೋನಿನಲ್ಲಿ ನಗುತ್ತಾ ಹೇಳಿದೆಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ನಿನ್ನ ತಮ್ಮಂದಿರೂ ಓದಲಿ.

ದೇವಕ್ಕ ನಿಮ್ಮ ತಾತನ ಅಕ್ಕ, ನನಗೆ ಅತ್ತಿಗೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ನಿಂತವರು. ಎತ್ತರದ ಆಳು, ಅಗಲವಾದ ಅಂಗೈ. ಆ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುವ ಕೂಸು ಅಳುವುದನ್ನೇ ಮರೆಯುತ್ತಿತ್ತು. ಹಂಡೆಗೆ ಬೆರಳದ್ದಿ ನೀರಿನ ಹದ ಹೇಳುತ್ತಿದ್ದರು. ಬಾಯಿ ಮಾತ್ರ ಖಾರ. ಎಸ್ಟೇಟಿನ ಕೂಲಿ ಲೈನಿನ ಗಂಡಸರು ಸಂಜೆ ತೂರಾಡಿಕೊಂಡು ಬಂದರೆ ಗೇಟಿನಲ್ಲೇ ತಡೆದು, "ರಸ್ತೆ ಅಳತೆ ಮಾಡ್ತಾ ಬಂದ್ಯೇನೋ ಮಾರಾಯ? ಮನೇಲಿ ಒಲೆ ಹತ್ತೈತೋ ಇಲ್ವೋ ನೋಡೋಗು" ಎನ್ನುತ್ತಿದ್ದರು.

ಒಮ್ಮೆ ನಾನು ಹೆದರುತ್ತಲೇ ಕೇಳಿದ್ದೆ, "ಅತ್ಗೆ, ನೀವು ಕೊಡೋದೂ ಅದೇ ಅಲ್ವಾ?"

"ಅವ್ರು ಕುಡೀತಾರೆ. ನಾವು ಮದ್ದು ತಗೋತೀವಿ. ಎರಡೂ ಒಂದೇ ಏನೇ, ಪೆದ್ದಿ?"

ಬಾಣಂತಿಗೆ ಶೀತವಾಗಬಾರದೆಂದು ಒಂದು ಒಳಲೆ. ನೀರು ಹಾಕಿ ತಮ್ಮ ಮೈಯೂ ನೆನೆಯಿತೆಂದು ತಮಗೊಂದು. ಕೂಸು ಕೆಮ್ಮಿದರೆ ಅದಕ್ಕೂ ನಾಲ್ಕು ಹನಿ. ಬಾಟಲಿಯ ಜಾಗ ದೇವರ ಗೂಡಿನ ಪಕ್ಕದಲ್ಲಿ, ಬಜೆ ಬೇರು, ಜಾಯಿಕಾಯಿಗಳ ನಡುವೆ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ನಿಮ್ಮಪ್ಪ ಹುಟ್ಟಿದಾಗ ಅತ್ತಿಗೆಯೇ ಬಾಣಂತನ ಮಾಡಿದರು. ಇಪ್ಪತ್ತು ದಿನದ ಕೂಸಿಗೆ ಮೂಗು ಕಟ್ಟಿತ್ತು. ಹನಿ ಹಾಕಿ, "ನೋಡ್ತಿರು, ರಾಜನಂಗೆ ಮಲಗ್ತಾನೆ" ಎಂದರು. ಮಲಗಿದ. ಬೆಳಿಗ್ಗೆ ಮಲಗಿದವನು ಮಧ್ಯಾಹ್ನವಾದರೂ ಎದೆಗೆ ಬಾಯಿ ಹಾಕಲಿಲ್ಲ. ಅಂಗಾಲು ಚಿವುಟಿದೆ, ಅಳಲಿಲ್ಲ. ತಾತ ಓಡಿಹೋಗಿ ಎಸ್ಟೇಟಿನ ಜೀಪ್ ತಂದರು.

ಸಕಲೇಶಪುರದಲ್ಲಿ ಡಾಕ್ಟರು ಕೇಳಿದರು, "ಮಗೂಗೆ ಏನಾದ್ರೂ ಕೊಟ್ರಾ?"

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ನಾನು ಸೆರಗಿನ ತುದಿ ಹಿಂಡುತ್ತಾ, "ಹಾಲು ಬಿಟ್ರೆ ಏನಿಲ್ಲ" ಎಂದೆ.

ಸಂಜೆ ಹೊತ್ತಿಗೆ ಕೂಸು ಕಣ್ಣು ಬಿಟ್ಟಿತು. ವಾಪಸು ಬರುವಾಗ ಜೀಪಿನಲ್ಲಿ ಅತ್ತಿಗೆ, "ದೃಷ್ಟಿ ಆಗಿತ್ತು ಕಣೇ, ಮನೆಗೋಗಿ ಇಳಿಸ್ಬುಡ್ತೀನಿ" ಎಂದರು. ನಾನು ಅದಕ್ಕೂ ತಲೆಯಾಡಿಸಿದೆ. ಆ ದಿನ ಬಾಯಿಬಿಟ್ಟಿದ್ದರೆ ಆಮೇಲೆ ಎಷ್ಟು ಕೂಸುಗಳ ಬಾಯಿಗೆ ಆ ಹನಿ ಬೀಳುತ್ತಿರಲಿಲ್ಲವೋ. ಅತ್ತಿಗೆಯ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ದೊಡ್ಡದು.

ಬರುಬರುತ್ತಾ ಬಾಣಂತನವಿಲ್ಲದ ದಿನವೂ ಒಳಲೆ ಚೀಲದಿಂದ ಹೊರಬಂತು. ಮಂಡಿ ನೋವಿಗೆ, ಥಂಡಿಗೆ, ಊಟ ಕರಗದಿದ್ದಕ್ಕೆ. ಒಂದು ದಿನವೂ ಅವರು ತೂರಾಡಲಿಲ್ಲ, ಒಂದು ಮಾತೂ ತೊದಲಲಿಲ್ಲ. ಆದ್ದರಿಂದ ಯಾರಿಗೂ ಹೆದರಿಕೆಯಾಗಲಿಲ್ಲ. ಕಾಲು ಊದಿತು. ತೋಳು ಸಣ್ಣಗಾಗಿ ಹೊಟ್ಟೆ ಮುಂದೆ ಬಂತು. "ಗ್ಯಾಸು ಕಣೇ" ಎಂದು ಮತ್ತೊಂದು ಒಳಲೆ. ಕಣ್ಣಿನ ಬಿಳಿಯೆಲ್ಲ ಅರಿಶಿನವಾದ ಮೇಲೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ಇವ್ರು ಕುಡೀತಾರಾ?" ಎಂದರು ಅಲ್ಲಿನ ಡಾಕ್ಟರು.

ನಿಮ್ಮ ತಾತನಿಗೆ ಕೆಟ್ಟ ಸಿಟ್ಟು ಬಂತು. "ಏನ್ ಕೇಳ್ತೀರಾ ಸಾರ್? ನಮ್ಮನೆ ಹೆಣ್ಮಕ್ಳು ಅಂಥೋರಲ್ಲ."

ನಾನು ಅವರನ್ನು ದಾಟಿ ಮುಂದೆ ಬಂದೆ. ಈ ಸಲ ಹೇಳಿದೆ. "ಕುಡೀತಾರೆ. ದಿನಾ. ಬೆಳಿಗ್ಗೆನೂ."

"ಅದು ಮದ್ದು ಡಾಕ್ಟ್ರೇ" ಎಂದರು ಅತ್ತಿಗೆ, ಮಲಗಿದ್ದಲ್ಲಿಂದಲೇ.

"ಮದ್ದು ಅಂತ ಕುಡಿದ್ರೂ ಲಿವರ್ ಸುಡೋದು ಸುಡುತ್ತೆ ಅಮ್ಮ. ನಿಮ್ಮದು ಗಟ್ಟಿಯಾಗ್ಬಿಟ್ಟಿದೆ."

ಡಾಕ್ಟರು ಹೋದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ನಾಲ್ಕು ಜನದ ಮುಂದೆ ನನ್ನ ಕುಡುಕಿ ಮಾಡ್ಬುಟ್ಟೆ ಕಣೇ" ಎಂದರು. ನನ್ನೊಡನೆ ಆಡಿದ ಕೊನೆಯ ಮಾತು ಅದು. ಒಂದು ತಿಂಗಳು ಅವರ ಮೈ ಒರೆಸಿದೆ, ಗಂಜಿ ತಿನ್ನಿಸಿದೆ. ಬಾಯಿ ತೆರೆಯುತ್ತಿದ್ದರು, ನನ್ನತ್ತ ಕಣ್ಣೆತ್ತುತ್ತಿರಲಿಲ್ಲ. ರಕ್ತ ವಾಂತಿ ಮಾಡಿಕೊಂಡು ಹೋದರು.

ಹನ್ನೊಂದನೇ ದಿನ ತಿಥಿ. ಎಡೆಗೆ ಅಕ್ಕಿರೊಟ್ಟಿ, ಕೋಳಿಸಾರು, ಎಲೆಅಡಿಕೆ ಇಟ್ಟಿದ್ದೆವು. ದಾಯಾದಿಯೊಬ್ಬರು ನಗುನಗುತ್ತಾ ಅರ್ಧ ಬಾಟಲಿ ಬ್ರಾಂದಿ ತಂದು ಎಡೆಯ ಪಕ್ಕ ಇಟ್ಟು, "ಅಕ್ಕನ ಮದ್ದು ಮರೆತೇಬುಟ್ರಲ್ಲ" ಎಂದರು. ಎಲ್ಲರೂ ನಕ್ಕರು. ನಾನು ಎದ್ದು ಬಾಟಲಿಯನ್ನು ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದೆ. ನಗು ನಿಂತಿತು. ಬಹಳ ಹೊತ್ತು ಕಾಗೆ ಬರಲಿಲ್ಲ. "ಇಷ್ಟವಾದದ್ದು ಇಡ್ಲಿಲ್ಲ, ಅದಕ್ಕೇ ಮುಟ್ತಿಲ್ಲ" ಎಂದು ಹೆಂಗಸರು ನನ್ನನ್ನೇ ನೋಡಿದರು. ನಾನು ಕದಲಲಿಲ್ಲ. ಕಡೆಗೆ ಕಾಗೆ ಬಂದು ರೊಟ್ಟಿ ಎತ್ತಿಕೊಂಡು ಹೋಯಿತು.

ಚೈತ್ರಾ, ಆ ಒಳಲೆ ನನ್ನ ಪೆಟ್ಟಿಗೆಯಲ್ಲಿದೆ. ನಿನ್ನೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ನಿನ್ನ ಬಾಣಂತನಕ್ಕೆ ಅದನ್ನು ತೆಗೆದುಕೊಂಡು ನಾನೇ ಬರುತ್ತೇನೆ. ಎಣ್ಣೆ ತಿಕ್ಕುವುದನ್ನು, ನೀರಿನ ಹದ ನೋಡುವುದನ್ನು ಅತ್ತಿಗೆಯಿಂದಲೇ ಕಲಿತಿದ್ದೇನೆ. ಆ ಬಾಟಲಿಯನ್ನು ನಾನು ಬರುವ ಮೊದಲೇ ಬಚ್ಚಲಿಗೆ ಸುರಿ. ನಿನ್ನತ್ತೆಯ ಮುಂದೆ ನಿನಗೆ ಸಂಕೋಚವಾದರೆ ಬಿಡು, ನಾನೇ ಸುರಿಯುತ್ತೇನೆ.