ಹೋಟೆಲ್ ಬೋರ್ಡಿನ ಚಪ್ಪಟೆ ಲ

ಕೊರಿಯರ್‌ನಲ್ಲಿ ಬಂದ ಉದ್ದನೆಯ ರಟ್ಟಿನ ಕೊಳವೆಯ ಮುಚ್ಚಳ ತೆಗೆದದ್ದೇ ತಡ, ಮಂಗಳೂರಿನ ನನ್ನ ಕೋಣೆಯ ತುಂಬ ಟರ್ಪೆಂಟೈನ್ ವಾಸನೆ ಹರಡಿತು. ಒಳಗಿದ್ದದ್ದು ಕೈಯಿಂದಲೇ ಅಚ್ಚು ಹಾಕಿದ ಒಂದು ಪೋಸ್ಟರ್. ಶಾಯಿ ಪೂರ್ತಿ ಆರಿರಲಿಲ್ಲವೋ ಏನೋ. ಅದನ್ನು ಬಿಚ್ಚುವ ಮೊದಲೇ ನಾನು ಮೂಡುಬಿದಿರೆ ಹತ್ತಿರದ ತೋಡಾರಿನ ನಮ್ಮ ಮನೆಯ ಜಗಲಿಗೆ ಹೋಗಿಬಿಟ್ಟಿದ್ದೆ. ನನ್ನ ಅಮ್ಮನ, ಅಂದರೆ ಉಮ್ಮನ ಅಣ್ಣ, ಬೋರ್ಡು ಬರೆಯುವ ಹಸನಬ್ಬ ಮಾಮ ಅಲ್ಲಿ ಕಾಲು ಚಾಚಿ ಕುಳಿತು, ಗಲ್ಫಿನಿಂದ ಬಂದ ಹಾಲಿನ ಪುಡಿಯ ಖಾಲಿ ಡಬ್ಬದಲ್ಲಿ ಕುಂಚಗಳನ್ನು ತೊಳೆಯುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಕೆಂಪು, ಒಂದಿಷ್ಟು ಹಳದಿ. ಊಟದ ಅನ್ನಕ್ಕೂ ಆ ವಾಸನೆ ಹತ್ತಿರುತ್ತಿತ್ತು, ನಮಗೆ ಅದು ಊಟದ ವಾಸನೆಯೇ ಆಗಿತ್ತು. ಈಗ ಆ ಜಗಲಿಯಿಲ್ಲ. ಮಂಗಳೂರು ರಸ್ತೆ ಅಗಲವಾದಾಗ ಮನೆಯ ಮುಂಭಾಗ ಹೋಯಿತು, ಹಿಂದಿನದನ್ನು ಉಳಿಸಿಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ.

ನಾನು ಡಿಸೈನರ್. ಈಗಿನ ಚಿತ್ರಕಾರರದ್ದೂ ಅಕ್ಷರ ಬರೆಯುವವರದ್ದೂ ಕೆಲಸವನ್ನು ಹುಡುಕಿ ಕೂಡಿಡುವುದು ನನ್ನ ಹುಚ್ಚು. ಎರಡೇ ಬಣ್ಣದಲ್ಲಿ ಇಡೀ ಮೀನು ಮಾರುಕಟ್ಟೆಯನ್ನು ತಂದು ನಿಲ್ಲಿಸುವ ಒಬ್ಬ, ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದವರನ್ನು ಮಾತ್ರ ಬಿಡಿಸುವ ಇನ್ನೊಬ್ಬಳು, ಗೋಡೆಯೆತ್ತರದ ‘ಅ’ ಬರೆದು ಅದರ ಹೊಟ್ಟೆಯೊಳಗೆ ಊರನ್ನೇ ಕೂರಿಸುವ ಮತ್ತೊಬ್ಬ. ಇವರ ಹೊಸ ಕೆಲಸ ಕಂಡ ದಿನ ಸಿಕ್ಕಸಿಕ್ಕವರಿಗೆಲ್ಲ ಫೋನ್ ಹಿಡಿದು ತೋರಿಸಿ ತಲೆ ತಿನ್ನುತ್ತೇನೆ. ಆದರೆ ನನ್ನದು ಸಂಶಯದ ಬುದ್ಧಿ. ಒಳ್ಳೆಯದು ಕಂಡ ಮರುಗಳಿಗೆಯೇ ಇದನ್ನು ಎಲ್ಲಿಂದ ಎತ್ತಿದ್ದಾರೆ ಎಂದು ಹುಡುಕಲು ಶುರುಮಾಡುವವಳು. ಬೆಳ್ತಂಗಡಿಯ ಪ್ರಜ್ಞಾ ಎಂಬ ಕಲಾವಿದೆಯೊಬ್ಬಳನ್ನು ಮಾತ್ರ ಯಾವ ಸಂಶಯವೂ ಇಲ್ಲದೆ ಮೆಚ್ಚಿಕೊಂಡಿದ್ದೆ. ಆ ಪೋಸ್ಟರ್ ಅವಳದೇ. ಬಂಗುಡೆ, ಬೂತಾಯಿ, ಅಂಜಲ್ ಎಂದು ಮೀನಿನ ಹೆಸರುಗಳನ್ನು ಮೀನಿನ ಹಾಗೆಯೇ ಬಳುಕಿಸಿ ಬರೆದಿದ್ದಳು. ಹಾಳೆ ಹರಡಿ ಕೊನೆಯ ‘ಲ್’ ಮೇಲೆ ಬೆರಳಿಟ್ಟೆ. ಅದರ ಬಲಬದಿಯ ದುಂಡು ಒಂದು ಕಡೆ, ಹೆಬ್ಬೆರಳಿನಿಂದ ಒತ್ತಿದ ಹಾಗೆ, ಚಪ್ಪಟೆಯಾಗಿತ್ತು. ಅದು ನಮ್ಮ ಮಾಮನ ಲ.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಸುತ್ತ ಒಂದು ಕಾಲದಲ್ಲಿ ಯಾವ ಹೋಟೆಲಿನ ಬೋರ್ಡು ನೋಡಿದರೂ ಆ ಲ ಇರುತ್ತಿತ್ತು. ಮಾಮನ ಕೆಲಸದ ಕ್ರಮವೇ ಹಾಗೆ. ಖಾಕಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಅಕ್ಷರದ ಅಂಚಿನುದ್ದಕ್ಕೂ ಸೂಜಿಯಿಂದ ತೂತು ಚುಚ್ಚಬೇಕು. ಆ ಹಾಳೆಯನ್ನು ಬೋರ್ಡಿಗೆ ಹಿಡಿದು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದರೆ ಪುಡಿ ತೂತಿನಲ್ಲಿ ಇಳಿದು ಅಕ್ಷರ ಚುಕ್ಕಿಚುಕ್ಕಿಯಾಗಿ ಮೂಡುತ್ತದೆ. ಚುಕ್ಕಿ ಹಿಡಿದು ಮಾಮ ಕುಂಚ ಎಳೆಯುತ್ತಿದ್ದರು. ಅಂಗಡಿಯ ಹೆಸರು ಬೇರೆಯಾದರೂ ‘ಹೋಟೆಲ್’ ಎಂಬುದು ಎಲ್ಲರಿಗೂ ಒಂದೇ ತಾನೆ, ಅದಕ್ಕೆ ವರ್ಷಗಟ್ಟಲೆ ಒಂದೇ ಹಾಳೆ. ಸಂಜೆ ಬಸ್ಸಿಳಿದು ಬರುವಾಗ ಮಾಮನ ಕಂಕುಳಲ್ಲಿ ಪೆನ್ಸಿಲ್ ಗೆರೆಯ ಹೊಸ ಹಾಳೆಗಳ ಸುರುಳಿ ಇರುತ್ತಿತ್ತು. ಮೂಡುಬಿದಿರೆಯಲ್ಲೇ ಕುಳಿತು ಬರೆದು ತರುತ್ತಾರೆ ಎಂದುಕೊಂಡಿದ್ದೆ. ಚುಚ್ಚುವ ಕೆಲಸ ಮನೆಯ ಹೆಂಗಸರು ಮಕ್ಕಳದ್ದು. ಮಡಚಿದ ಕಂಬಳಿಯ ಮೇಲೆ ಹಾಳೆ ಹರಡಿ ಮರಿಯಮ್ಮ ಮಾಮಿಯೂ ನಾನೂ ಕೂರುತ್ತಿದ್ದೆವು. ‘ಹತ್ತಿರ ಹತ್ತಿರ ಚುಚ್ಚು ಮಗಾ, ದೂರ ಚುಚ್ಚಿದ್ರೆ ಅಕ್ಷರ ಕುಂಟ್ತದೆ’ ಎನ್ನುತ್ತಿದ್ದರು ಮಾಮಿ. ನೋಂಬಿನ ತಿಂಗಳಲ್ಲಿ, ನನ್ನ ಮೊದಲ ಉಪವಾಸದ ದಿನ, ಬಾಯಾರಿ ಕಣ್ಣು ಕತ್ತಲಿಡುವಾಗ ಸಣ್ಣ ಸೂಜಿ ಬಿಟ್ಟು ಗೋಣಿ ಹೊಲಿಯುವ ದಬ್ಬಣದಿಂದ ಬೇಗಬೇಗ ಚುಚ್ಚಿ ಮುಗಿಸಿ ಚಾಪೆಯ ಮೇಲೆ ಬಿದ್ದುಕೊಂಡದ್ದು ಈಗಲೂ ನೆನಪಿದೆ. ಬೇರೆ ಪೇಂಟರುಗಳು ಮನೆಗೆ ಬಂದರೆ ಮಾಮ ಹಾಳೆಗಳ ಮೇಲೆ ಚಾಪೆ ಎಳೆದುಬಿಡುತ್ತಿದ್ದರು. ಕಳ್ಳರ ಹೆದರಿಕೆ ಎಂದು ನನಗೆ ಅನಿಸುತ್ತಿತ್ತು.

ಫ್ಲೆಕ್ಸ್ ಬಂತು, ಮಾಮನ ಕೆಲಸ ನಿಂತಿತು, ಕೆಲವೇ ವರ್ಷಗಳಲ್ಲಿ ಮಾಮನೂ ಹೋದರು. ತೀರಿಹೋದ ಮೂರನೆಯ ದಿನ ಬೆಳ್ತಂಗಡಿಯಿಂದ ಬಿಳಿ ಪಂಚೆಯ ಹಿರಿಯರೊಬ್ಬರು ಬಂದು, ಯಾರೊಂದಿಗೂ ಹೆಚ್ಚು ಮಾತಾಡದೆ, ಮಾಮಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋದರು. ಆಮೇಲೆ ಒಂದು ವಾರಕ್ಕೆ ಮಾಮ ಹಾಳೆಗಳನ್ನು ಇಡುತ್ತಿದ್ದ ತಗಡಿನ ಟ್ರಂಕು ತೆರೆದು ನೋಡಿದರೆ ಒಂದೂ ಇರಲಿಲ್ಲ. ‘ಆ ಜನ ಸುಮ್ಮನೆ ಬಂದದ್ದಲ್ಲ. ಹೋಗುವಾಗ ಅವರ ಚೀಲ ಹೇಗೆ ಉಬ್ಬಿತ್ತು, ನೋಡಿದ್ದೀಯಾ?’ ಎಂದರು ಉಮ್ಮ. ಮಾಮಿ ಬಾಯಿ ಬಿಡಲಿಲ್ಲ, ಬಿಡದೆಯೇ ಅವರೂ ಹೋದರು. ಉಮ್ಮನ ಸಂಶಯ ನನಗೆ ಬಳುವಳಿಯಾಗಿ ಬಂತು. ಅದರ ಜೊತೆಗೆ ಲ ಕೂಡ. ನನಗೆ ಹೆಸರು ತಂದ ಮೊದಲ ಕೆಲಸವೇ ಒಂದು ಹೋಟೆಲಿನ ಫಲಕ. ಹಳೆಯ ಬೋರ್ಡೊಂದರ ಫೋಟೋ ಇಟ್ಟುಕೊಂಡು ಆ ಚಪ್ಪಟೆ ಲ ಇದ್ದ ಹಾಗೆಯೇ ನೋಡಿ ಬರೆದಿದ್ದೆ. ಕಾಲೇಜುಗಳಿಗೆ ಮಾತಾಡಲು ಕರೆದಾಗಲೆಲ್ಲ ಅದನ್ನು ತೋರಿಸಿ, ಇದು ನನ್ನ ಮಾಮ ಕಟ್ಟಿದ ಅಕ್ಷರ, ಅವರ ಸಹಿ ಇದ್ದ ಹಾಗೆ ಎನ್ನುತ್ತಿದ್ದೆ.

ಈಗ ಅದೇ ಲ, ಅದೂ ಬೆಳ್ತಂಗಡಿಯಿಂದ. ಕಳ್ಳತನ ಬಯಲು ಮಾಡುವ ನಾಲ್ಕು ಸಾಲು ಬರೆದು, ಪೋಸ್ಟರಿನ ಚಿತ್ರ ಒಂದು ಕಡೆ, ಮಾಮನ ಬೋರ್ಡು ಇನ್ನೊಂದು ಕಡೆ ಇಟ್ಟು, ಎಲ್ಲರಿಗೂ ಕಾಣುವಂತೆ ಹಾಕಲು ಫೋನಿನಲ್ಲಿ ಸಿದ್ಧಮಾಡಿದೆ. ಒಮ್ಮೆ ಅವಳ ಮುಖ ನೋಡಿಯೇ ಹಾಕುವ ಎಂದು, ಅಭಿಮಾನಿಯ ಸೋಗಿನಲ್ಲಿ ವಿಳಾಸ ಕೇಳಿ ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಹೋದೆ. ದಾರಿಯುದ್ದಕ್ಕೂ ಅವಳು ಹೇಳಬಹುದಾದ ಸುಳ್ಳುಗಳನ್ನು ನಾನೇ ಯೋಚಿಸಿ, ಒಂದೊಂದಕ್ಕೂ ಉತ್ತರ ಕಟ್ಟಿಟ್ಟುಕೊಂಡೆ.

ಪ್ರಜ್ಞಾ ಬೆಲ್ಲದ ಪಾನಕ ತಂದಿಟ್ಟಳು. ಅದರಲ್ಲೂ ನನಗೆ ಸಂಶಯ. ‘ಈ ಲ ಎಲ್ಲಿಂದ ಸಿಕ್ಕಿತು?’ ಎಂದು ಲೋಟ ಮುಟ್ಟದೆ ಕೇಳಿದೆ. ಅವಳು ಮುಖ ಅರಳಿಸಿ ‘ಬನ್ನಿ ಅಕ್ಕ, ತೋರಿಸ್ತೇನೆ’ ಎಂದು ಒಳಗೆ ಕರೆದಳು. ಗೋಡೆಯಲ್ಲಿ ಅದೇ ಬಿಳಿ ಪಂಚೆಯ ಹಿರಿಯರ ಫೋಟೋ, ಅದಕ್ಕೆ ಗಂಧದ ಹಾರ. ಕಪಾಟಿನ ತುಂಬ ಖಾಕಿ ಸುರುಳಿಗಳು.

‘ನನ್ನ ಅಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರು. ಸರಕಾರಿ ಕೆಲಸ ಅಲ್ವಾ, ಹೊರಗೆ ಬೋರ್ಡು ಬರೀಲಿಕ್ಕಿಲ್ಲ. ಹಾಗೆ ಅಕ್ಷರ ಬರೆದು ಬಸ್ಸಲ್ಲಿ ಕೊಟ್ಟು ಕಳಿಸ್ತಿದ್ರು. ತೋಡಾರಿನ ಹಸನಬ್ಬ ಅಂತ ಒಬ್ರು ಪೇಂಟ್ ಮಾಡ್ತಿದ್ದದ್ದು. ಅಪ್ಪನ ಹೆಸರು ಅವರ ಬಾಯಿಂದ ಒಮ್ಮೆಯೂ ಹೊರಗೆ ಬರ್ಲಿಲ್ಲ. ಅವರು ತೀರಿದ ಮೇಲೆ ಅವರ ಹೆಂಡತಿ ಇದನ್ನೆಲ್ಲ ಅಪ್ಪನ ಕೈಗೇ ಕೊಟ್ರಂತೆ, ಮಾಸ್ಟ್ರೇ, ಇದು ನಿಮ್ಮದು ಅಂತ.’

ನಾನು ಕೂತುಬಿಟ್ಟೆ. ಕಳ್ಳರ ಹೆದರಿಕೆಯಿಂದ ಎಳೆದ ಚಾಪೆಯಲ್ಲ ಅದು. ಇನ್ನೊಬ್ಬರ ಅನ್ನ ಹೋಗದಿರಲಿ ಎಂದು ಮಾಮ ಮುಚ್ಚುತ್ತಿದ್ದ ಮುಚ್ಚಳ. ಇಷ್ಟು ವರ್ಷ ಊರೂರಲ್ಲಿ ಇನ್ನೊಬ್ಬರ ಅಕ್ಷರ ತೋರಿಸಿ ಚಪ್ಪಾಳೆ ತೆಗೆದುಕೊಂಡವಳು ನಾನು. ನಾನು ಹಸನಬ್ಬರ ತಂಗಿಯ ಮಗಳು ಎಂದೆ. ಪ್ರಜ್ಞಾ ನನ್ನ ಕೈ ಹಿಡಿದುಕೊಂಡಳು. ‘ನಿಮ್ಮನ್ನು ಎಷ್ಟು ಹುಡುಕಿದ್ದೇನೆ ಗೊತ್ತುಂಟಾ? ತೋಡಾರಿಗೆ ಹೋದ್ರೆ ಮನೆಯೇ ಇರ್ಲಿಲ್ಲ.’

ಆಮೇಲೆ ಅವಳು ಎರಡು ಹಾಳೆ ಜೋಡಿಸಿ ಹರಡಿದಳು. ಒಂದರಲ್ಲಿ ಮಾಸ್ಟ್ರು ಮೊದಲು ಬರೆದಿಟ್ಟುಕೊಂಡ ಪೆನ್ಸಿಲಿನ ‘ಹೋಟೆಲ್’. ಅದರ ಲ ಚಂದಕ್ಕೆ ದುಂಡಗಿತ್ತು. ಇನ್ನೊಂದು, ಇದ್ದಿಲಿನಿಂದ ಕಪ್ಪಾದ, ಚುಚ್ಚಿದ ಹಾಳೆ. ಮೊದಲ ಎರಡು ಅಕ್ಷರಗಳ ತೂತುಗಳು ಸಾಸಿವೆ ಸಾಲಿನಷ್ಟು ಒತ್ತಾಗಿದ್ದವು, ಮಾಮಿಯ ಕೈ. ಲ ಬಂದಾಗ ತೂತುಗಳು ದೊಡ್ಡವಾಗಿ, ದೂರದೂರವಾಗಿ, ಬಲಬದಿಯ ದುಂಡಿನಲ್ಲಿ ಒಂದರಿಂದ ಇನ್ನೊಂದಕ್ಕೆ ಬೆರಳಗಲ ಖಾಲಿ. ದಬ್ಬಣದ ತೂತು. ಮೊದಲ ಉಪವಾಸದ ಆ ಮಧ್ಯಾಹ್ನದ ಬಾಯಾರಿಕೆ ನನ್ನ ಗಂಟಲಿಗೆ ಮತ್ತೆ ಬಂತು.

‘ಅಪ್ಪನಿಗೆ ಸಿಟ್ಟು ಬಂದಿತ್ತಂತೆ, ನನ್ನ ಲ ಹಾಳುಮಾಡಿದ್ರಿ ಮಾರಾಯ್ರೆ ಅಂತ’ ಎಂದಳು ಪ್ರಜ್ಞಾ. ‘ಹಸನಬ್ಬ ಅವರು, ಮಗು ಚುಚ್ಚಿದ್ದು ಮಾಸ್ಟ್ರೇ, ಇರ್ಲಿ ಅಂದ್ರಂತೆ. ನನಗೆ ಅದೇ ಇಷ್ಟ ಆದದ್ದು ಅಕ್ಕ. ದುಂಡಗಿನದ್ದು ಎಲ್ಲರಿಗೂ ಬರ್ತದೆ.’

ಫೋನಿನಲ್ಲಿದ್ದ ಆ ನಾಲ್ಕು ಸಾಲು ಅಳಿಸಿದೆ. ಪಾನಕ ಕುಡಿದೆ. ಕಪ್ಪು ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದೆ. ಆ ಖಾಲಿ ಜಾಗದಲ್ಲಿ ಇನ್ನು ನಾಲ್ಕೇ ತೂತು ಚುಚ್ಚಿದ್ದರೆ ಲ ಸರಿಯಾಗುತ್ತಿತ್ತು. ಮಾಮನ ಅಂಗಿಯ ಕಾಲರಿನಲ್ಲಿ ಯಾವಾಗಲೂ ಒಂದು ಸೂಜಿ ಸಿಕ್ಕಿಸಿರುತ್ತಿತ್ತು.