ಎಂಟ್ರಿಯ ಕುರ್ಚಿ

ನೀರಿನ ಪಂಪಿನ ಬಿಡಿಭಾಗ ಮಾರುವ ಮಳಿಗೆಯೊಂದರಲ್ಲಿ ನನ್ನ ಗೆಳೆಯ ಲೆಕ್ಕ ಬರೆಯುತ್ತಿದ್ದ. ಎಲ್ಲರೂ ಅವನನ್ನು ಎಂಟ್ರಿ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ “ಎಂಟ್ರಿ ಆಗಿದೆಯಾ?” ಎಂದು ಕೇಳುವುದು ಅವನ ಚಾಳಿ. ಮಗು ಹುಟ್ಟಿತೆಂದು ಸಿಹಿ ಹಂಚಲು ಬಂದ ಹಮಾಲನಿಗೂ ಅದನ್ನೇ ಕೇಳಿದ್ದ.

ಸತ್ತವರನ್ನು ಹೊಗಳಬೇಕಂತೆ. ಆ ಕೆಲಸಕ್ಕೆ ಅವನ ಮಳಿಗೆಯವರಿದ್ದಾರೆ. ಎಂಟ್ರಿ ಜಂಬದ ಮನುಷ್ಯ. ಗಬಗಬ ತಿಂದು ಮೊದಲು ಎದ್ದು, ಉಳಿದವರು ನಿಧಾನವೆಂದು ಗೊಣಗುವವನು. ನಾನು ಕೊಟ್ಟ ಪುಸ್ತಕಗಳನ್ನು ಪುಟ ಮಡಿಸಿ ಹಿಂತಿರುಗಿಸುತ್ತಿದ್ದ, ಅದೂ ಓದದೆ.

ಮಳಿಗೆಯ ಸರಕು, ಖರೀದಿ, ಬಿಲ್ಲು, ಬಾಕಿ ಎಲ್ಲವೂ ಒಂದೇ ಡೇಟಾಬೇಸ್ ಫೈಲಿನಲ್ಲಿ, ಅವನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿತ್ತು. ಕೌಂಟರಿನಲ್ಲಿ ಇನ್ನೊಂದು ಕಂಪ್ಯೂಟರು. ಸಾಫ್ಟ್‌ವೇರ್ ಹಳೆಯದು. ಒಬ್ಬರು ಬರೆಯಲು ಫೈಲು ತೆರೆದಿದ್ದರೆ ಇನ್ನೊಬ್ಬರು ನೋಡಬಹುದೇ ಹೊರತು ಬರೆಯುವಂತಿಲ್ಲ. ಹಾಗಾಗಿ ಮೊದಲೆಲ್ಲ ದಿನವಿಡೀ “ನೀವು ಹೊರಗೆ ಬನ್ನಿ, ನಾನು ಒಳಗೆ ಹೋಗ್ಬೇಕು” ಎಂಬ ಕೂಗಾಟ. ಹೊಸ ಗಿರಾಕಿಗಳು ತಮಗೇ ಹೇಳಿದರೆಂದು ಹೊಸ್ತಿಲಾಚೆ ಸರಿಯುತ್ತಿದ್ದರು.

ಆಮೇಲೆ ಯಜಮಾನನ ಅಳಿಯ ಕೌಂಟರಿಗೆ ಬಂದ. ಬೇರಿಂಗಿಗೂ ಬಳೆಗೂ ವ್ಯತ್ಯಾಸ ತಿಳಿಯದ ಈ ಮಹಾನುಭಾವ, ಗೆಳೆಯರಿಗೆ ಪುಕ್ಕಟೆ ಕೊಟ್ಟ ಸರಕನ್ನು ಮುಚ್ಚಿಹಾಕಲು ಹಿಂದಿನ ತಿಂಗಳ ಲೆಕ್ಕವನ್ನೇ ತಿದ್ದತೊಡಗಿದ. ನನ್ನ ಗೆಳೆಯ ಯಜಮಾನನಿಗೆ ದೂರು ಹೇಳಿದ. ಯಜಮಾನ ಚಾವಣಿ ನೋಡಿದ. ಮಾರನೆಯ ದಿನದಿಂದ ಎಂಟ್ರಿ ಬಂದವನೇ ಫೈಲು ತೆರೆದರೆ ಸಂಜೆಯವರೆಗೂ ಬಿಡುತ್ತಿರಲಿಲ್ಲ. ಊಟಕ್ಕೆ ಹೋದರೂ ಅದು ತೆರೆದೇ ಇರಬೇಕು. ಬಿಲ್ಲು ಬೇಕೆಂದರೆ ಅಳಿಯನೂ ಅವನ ಮೇಜಿನ ಮುಂದೆ ಬಂದು ನಿಲ್ಲಬೇಕು. ತಾನಲ್ಲದೆ ಬೇರೆ ಯಾರಾದರೂ ಮುಚ್ಚಿದರೆ ಇಷ್ಟು ವರ್ಷದ ದಾಖಲೆ ಪೂರಾ ಹೋಗುತ್ತದೆ ಎಂದು ಎಲ್ಲರನ್ನೂ ಹೆದರಿಸಿಟ್ಟಿದ್ದ. ಅವರು ನಂಬಿದರು. ಹೊಸದೇನನ್ನಾದರೂ ಕಲಿಯುವ ಶ್ರಮಕ್ಕಿಂತ ನಂಬುವುದು ಅವರಿಗೆ ಸುಲಭವಿತ್ತು.

ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಅವನಿಗೆ ಹೊಟ್ಟೆನೋವು ಬಂದು ಬೆವರಿ ಒದ್ದೆಯಾದ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಅವನು ಹೆಂಡತಿಯ ಹೆಸರು ಹೇಳಲಿಲ್ಲ. “ಯಾರೂ ಅದನ್ನ ಮುಟ್ಟಬೇಡಿ” ಎಂದ.

ಕೆಲವು ದಿನಗಳಾದ ಮೇಲೆ ಮಾವ-ಅಳಿಯ ನೋಡಲು ಬಂದರು. ನಾನು ಮಂಚದ ಪಕ್ಕದಲ್ಲಿದ್ದೆ.

“ಹೇಗಿದ್ದೀಯಪ್ಪಾ?” ಎಂದ ಯಜಮಾನ. ಹಣ್ಣಿನ ಚೀಲ ಇನ್ನೂ ಕೈಯಲ್ಲೇ ಇತ್ತು. “ಎಲ್ಲಾ ಸರಿಹೋಗುತ್ತೆ ಬಿಡು. ಅಂದಹಾಗೆ, ಆ ಫೈಲು...”

“ಸುಮ್ನೆ ಮುಚ್ಚಿಬಿಡ್ಲಾ ಸಾರ್?” ಎಂದ ಅಳಿಯ.

“ಮುಚ್ಚು ತಂದೆ, ಮುಚ್ಚು. ಆಮೇಲೆ ಗೋಡೌನಲ್ಲಿರೋ ವಾಷರ್ ಎಲ್ಲಾ ನೀನೇ ಕೂತು ಎಣಿಸು. ಮೊಮ್ಮಕ್ಕಳ ಮದುವೆ ಹೊತ್ತಿಗೆ ಮುಗಿಯುತ್ತೆ” ಎಂದ ಎಂಟ್ರಿ.

“ಹಾಗಾದ್ರೆ ಹೇಗೆ ಮಾಡ್ಬೇಕು ಅಂತ ಹೇಳಿ.”

“ಅದಕ್ಕೊಂದು ಕ್ರಮ ಇದೆ. ಬಾಯಲ್ಲಿ ಹೇಳಿದ್ರೆ ಬರೋದಲ್ಲ. ನಾನೇ ಬಂದು ಮಾಡ್ತೀನಿ ಯಜಮಾನ್ರೇ.”

ಅವರು ಹೋದಮೇಲೆ ಕೇಳಿದೆ: “ಏನೋ ಅದು, ಅಂಥಾ ಕ್ರಮ?”

ಹೊಟ್ಟೆ ಒತ್ತಿಹಿಡಿದುಕೊಂಡು ನಕ್ಕ. “ಏನೂ ಇಲ್ಲ ಕಣೋ. ಮೂಲೇಲಿ ಒಂದು ಗುರುತಿದೆ, ಒತ್ತಿದ್ರೆ ಮುಚ್ಕೊಳ್ಳುತ್ತೆ. ಬರೆದದ್ದೆಲ್ಲ ಬರೆದಾಗಲೇ ಉಳಿದಿರುತ್ತೆ.”

“ಮತ್ತೆ ಈ ನಾಟಕ ಯಾಕೆ?”

“ಸ್ಟೋರ್ ನೋಡ್ಕೊಳ್ತಿದ್ದ ಮುದುಕ ನೆನಪಿದಾನಾ? ಕಣ್ಣಿನ ಆಪರೇಷನ್ ಮುಗಿಸ್ಕೊಂಡು ಬಂದಾಗ ಅವನ ಕುರ್ಚೀಲಿ ಬೇರೆಯವನಿದ್ದ. ಬಾಗಿಲ ಹತ್ರ ಸ್ಟೂಲ್ ಹಾಕಿ, ಬರೋ ಹೋಗೋರನ್ನ ನೋಡ್ಕೊ ಅಂದ್ರು. ಕಣ್ಣು ಕಾಣದವನಿಗೆ!” ಸ್ವಲ್ಪ ಹೊತ್ತು ಉಸಿರಾಡಿಕೊಂಡ. “ಫೈಲು ಮುಚ್ಚಿದ ಗಳಿಗೇಲಿ ಆ ಪಾಪಿ ಅಳಿಯ ನನ್ನ ಕುರ್ಚೀಲಿ ಕೂರ್ತಾನೆ. ನನಗೆ ಸ್ಟೂಲು. ನಾನು ವಾಪಸ್ ಹೋಗೋತನಕ ಯಾರಿಗೂ ಹೇಳ್ಬೇಡ.”

ಒಂದು ಕುರ್ಚಿ, ಅದೂ ಕೈ ಹಿಡಿಕೆಯ ರೆಕ್ಸಿನ್ ಕಿತ್ತುಹೋದದ್ದು. ಜಗತ್ತಿನಲ್ಲಿ ಅವನು ಕಾಪಾಡಿಕೊಳ್ಳಬೇಕೆಂದಿದ್ದದ್ದು ಅಷ್ಟೇ. ಇದಕ್ಕಾಗಿಯಾ ಎಂದು ಬೈಯಬೇಕೆನಿಸಿತು. ಬೈಯಲಿಲ್ಲ, ಅವನ ಅಂಗೈ ಆಗಲೇ ಹಳದಿಯಾಗಿತ್ತು.

ಅವನು ತೀರಿಕೊಂಡ ದಿನ ಯಜಮಾನ ಮನೆಗೆ ಬಂದು, “ನಮ್ಮ ಮಳಿಗೆಯ ಬೆನ್ನೆಲುಬು ಹೋಯ್ತು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ನನ್ನ ಮೊಣಕೈ ಹಿಡಿದು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದ.

“ಕೊನೇವರೆಗೂ ನೀವೇ ಜೊತೆಗಿದ್ರಿ. ಏನಾದ್ರೂ ಹೇಳಿದ್ನಾ?”

“ಯಾವುದರ ಬಗ್ಗೆ?”

“ಅದೇ, ಫೈಲು.”

ಒಳಗೆ ಹೆಣವಿನ್ನೂ ನೆಲದ ಮೇಲಿತ್ತು. “ಇಲ್ಲ” ಎಂದೆ.

ಎಂಟ್ರಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಏನಂತಣ್ಣಾ ಅವರದ್ದು?”

“ಕಂಪ್ಯೂಟರ್ ಆರಿಸೋದು ಹೇಗೆ ಅಂತ ಇವನು ಹೇಳಿದ್ನಾ ಅಂತೆ.”

ಅಳುತ್ತಿದ್ದವಳಿಗೆ ನಗು ಉಕ್ಕಿತು. “ಅಯ್ಯೋ, ಮನೇಲಿ ಫ್ಯಾನ್ ಆರಿಸೋಕೂ ನಾನೇ ಬೇಕಿತ್ತಲ್ಲಣ್ಣಾ ಇವರಿಗೆ!” ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಮೊನ್ನೆ ಆ ಮಳಿಗೆಯ ಮುಂದೆ ಹಾದುಹೋಗುವಾಗ ಒಳಗೆ ಹೋದೆ. ಕಂಪ್ಯೂಟರು ಇನ್ನೂ ಗುಂಯ್ ಎನ್ನುತ್ತಿದೆ. ಪರದೆಗೆ “ಮುಟ್ಟಬೇಡಿ” ಎಂಬ ಚೀಟಿ. ಕರೆಂಟು ಹೋದೀತೆಂಬ ಭಯಕ್ಕೆ ಯಜಮಾನ ಇನ್ನೊಂದು ಬ್ಯಾಟರಿ ಕೂರಿಸಿದ್ದಾನೆ. ರಿಪೇರಿಯವನನ್ನು ಕರೆಸಿದ್ದರಂತೆ. ದಾಖಲೆ ಹೋದರೆ ತನ್ನ ಹೊಣೆಯಲ್ಲ ಎಂದು ಬರೆದು ಸಹಿ ಹಾಕಿ ಎಂದನಂತೆ ಅವನು. ಮಾವ ಅಳಿಯನ ಕಡೆ ನೋಡಿದ, ಅಳಿಯ ಮಾವನ ಕಡೆ. ಸಹಿ ಬೀಳಲಿಲ್ಲ.

ಎಂಟ್ರಿಯ ಕುರ್ಚಿ ಖಾಲಿಯಿತ್ತು. ಕಾಲು ತಗುಲಿ ವೈರು ಕಿತ್ತುಬಂದೀತೆಂದು ಅಲ್ಲಿ ಯಾರೂ ಕೂರುವುದಿಲ್ಲ. ಅಳಿಯ ಪಕ್ಕದಲ್ಲೊಂದು ಸ್ಟೂಲ್ ಎಳೆದುಕೊಂಡು, ಬೆನ್ನು ಬಗ್ಗಿಸಿ, ಕೈಯಲ್ಲೇ ಬಿಲ್ಲು ಬರೆಯುತ್ತಿದ್ದ.

“ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ ಸಾರ್” ಎಂದ.

ತಾನು ವಾಪಸ್ ಬರುವತನಕ ಹೇಳಬೇಡ ಎಂದಿದ್ದನಲ್ಲ ಎಂಟ್ರಿ. ನಲ್ಲಿಗೆ ಬೇಕಿದ್ದ ವಾಷರ್ ಕೊಂಡು, ಹೊರಗೆ ಬಂದೆ.